ಹಿತ್ತಲ ಬಾವಿಯೂ ನೀರಿನ ಕೊಳವೆಯೂ

ಹಿತ್ತಲಿಗೆ ನೀರು ಹಾಯಿಸುವ ಕೊಳವೆಯನ್ನು ಆರಿಸುವುದು ಹೇಗೆ ಎಂಬುದೂ ಒಂದು ಭಾಷಣಕ್ಕೆ ತಕ್ಕ ವಿಷಯವೇ ಎಂದು ಶ್ರೋತೃಗಳಲ್ಲಿ ಕೆಲವರಾದರೂ ನಗಬಹುದು. ಅಂಗಡಿಗೆ ಹೋಗಿ, ಹಸುರು ಬಣ್ಣದ ಒಂದು ಸುರುಳಿಯನ್ನು ಬೆರಳು ಮಾಡಿ ತೋರಿಸಿ, ಬೆಲೆ ಕೊಟ್ಟು, ಹೆಗಲಿಗೆ ಹಾಕಿಕೊಂಡು ಬರುವ ವಸ್ತು ಅದು. ಅದಕ್ಕೆ ಶಾಸ್ತ್ರವೆಲ್ಲಿಂದ ಬಂತು? ನಾವೂ ಒಂದು ಕಾಲಕ್ಕೆ ಹಾಗೆಯೇ ತಿಳಿದಿದ್ದೆವು. ಎರಡು ಸಾರಿ ತಪ್ಪು ಕೊಳವೆಯನ್ನು ಕೊಂಡು, ಎರಡನೆಯ ತಪ್ಪಿನಿಂದ ಕುಡಿಯುವ ಬಾವಿಯನ್ನೇ ಕೆಡಿಸಿಕೊಳ್ಳುವಷ್ಟು ದೂರ ಹೋದ ಮೇಲೆ, ಇದರಲ್ಲಿ ಯೋಚಿಸತಕ್ಕ ಸಂಗತಿ ಬಹಳವಿದೆ ಎಂಬುದು ನಮಗೆ ತಿಳಿಯಿತು. ಆ ತಿಳಿವಳಿಕೆಯನ್ನು, ಹಿತ್ತಲುಳ್ಳ ಮನೆಗಳವರೊಡನೆ ಹಂಚಿಕೊಳ್ಳುವುದೇ ಈ ಹೊತ್ತಿನ ಉದ್ದೇಶ.

ನಮ್ಮ ಹಿತ್ತಲಿರುವುದು ಅಂಕೋಲೆಯಲ್ಲಿ, ಸಮುದ್ರದಿಂದ ಎರಡು ಫರ್ಲಾಂಗು ದೂರದಲ್ಲಿ. ಕಾರವಾರದ ಕೋಡಿಬಾಗದಿಂದ ಹಿಡಿದು ಅಂಕೋಲೆಯ ಬೇಲೇಕೇರಿ, ಕೇಣಿ, ಬೆಳಂಬಾರದವರೆಗೆ ಕರಾವಳಿಯ ಹಿತ್ತಲುಗಳೆಲ್ಲ ಹೆಚ್ಚು ಕಡಮೆ ಒಂದೇ ರೀತಿಯವು. ಐದಾರು ತೆಂಗು, ಬಾವಿಯ ಬಚ್ಚಲ ನೀರು ಹರಿಯುವಲ್ಲಿ ನಾಲ್ಕು ಬಾಳೆ, ಚಪ್ಪರಕ್ಕೆ ಹಬ್ಬಿಸಿದ ಬಸಳೆ, ಒಂದು ಮಡಿ ಹರಿವೆ, ಬೇಲಿಯ ಬದಿಗೆ ದಾಸವಾಳ, ಅಂಗಳದಲ್ಲಿ ತುಳಸಿ, ಅಬ್ಬಲಿಗೆ, ಮಲ್ಲಿಗೆ. ಭಾಗ್ಯವಂತರಾದರೆ ಒಂದು ಕರಿಈಶಾಡು ಮಾವು; ೨೦೨೩ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆದ ಅಂಕೋಲೆಯ ಹಣ್ಣು ಅದು. ಇಲ್ಲಿ ವರ್ಷಕ್ಕೆ ಸುಮಾರು ೩೦೦೦ ಮಿಲಿಮೀಟರು, ಎಂದರೆ ೧೨೦ ಅಂಗುಲದ ಹತ್ತಿರ ಮಳೆ ಬೀಳುವುದು. ಆದರೆ ಅದರಲ್ಲಿ ಬಹುಪಾಲು ಜೂನಿನಿಂದ ಸೆಪ್ಟೆಂಬರಿನವರೆಗಿನ ನಾಲ್ಕೇ ತಿಂಗಳಲ್ಲಿ ಸುರಿದು ಸಮುದ್ರ ಸೇರಿಬಿಡುವುದು. ಡಿಸೆಂಬರಿನಿಂದ ಮೇ ತಿಂಗಳವರೆಗೆ ಆಕಾಶವನ್ನು ನಂಬಿದ ಗಿಡ ಬದುಕುವಂತಿಲ್ಲ, ಬಾವಿಯೇ ಗತಿ.

ಹಿಂದೆ ಈ ಆರು ತಿಂಗಳ ನೀರೆಲ್ಲ ಮನುಷ್ಯರ ತೋಳಿನಿಂದಲೇ ಮೇಲೆ ಬರುತ್ತಿತ್ತು. ತರಕಾರಿ ಬೆಳೆಯುವ ಕಡೆ ಏತ, ಮನೆಯ ಹಿತ್ತಲಲ್ಲಿ ಹಗ್ಗ ಮತ್ತು ಕೊಡ. ದೂರದ ಗಿಡಕ್ಕೆ ನೀರು ಸಾಗಿಸಬೇಕಾದರೆ ಅಡಿಕೆಯ ಮರವನ್ನು ಸೀಳಿ, ತಿರುಳು ತೆಗೆದು ದೋಣಿ ಮಾಡಿ, ಒಂದರ ಬಾಯಿಗೆ ಇನ್ನೊಂದರ ತಲೆ ಕೂಡುವಂತೆ ಇಳಿಜಾರಾಗಿ ಇಡುತ್ತಿದ್ದರು. ಈಗ ಆ ದೋಣಿಯ ಸ್ಥಾನಕ್ಕೆ ಬಳುಕುವ ಕೊಳವೆ ಬಂದಿದೆ. ಪೇಟೆಯಲ್ಲಿ ಅದಕ್ಕೆ ಪೈಪು ಎಂದೇ ಹೆಸರು. ತೋಳಿನ ಸ್ಥಾನಕ್ಕೆ ವಿದ್ಯುತ್ ಪಂಪು ಬಂದಿದೆ. ಶ್ರಮ ಉಳಿಯಿತು, ಅದು ನಿಶ್ಚಯವಾಗಿಯೂ ಲಾಭವೇ. ಆದರೆ ತೋಳಿನ ಶ್ರಮವು ಬಾವಿಗೆ ಒಂದು ಕಾವಲೂ ಆಗಿತ್ತೆಂಬುದನ್ನು ನಾವು ಮರೆತೆವು.

ನಮ್ಮ ಮೊದಲನೆಯ ತಪ್ಪು ಇದು. ಮೂಲೆಯ ದಾಸವಾಳದವರೆಗೂ ಎಟುಕಲಿ, ಉಳಿದರೆ ಉಳಿಯಲಿ ಎಂದು ಅರ್ಧ ಅಂಗುಲದ ತೆಳ್ಳನೆಯ ಕೊಳವೆಯನ್ನು ನೂರು ಅಡಿ ಕೊಂಡು ತಂದೆವು. ತಾರಸಿಯ ಟಾಂಕಿಯಿಂದ ಬರುವ ನೀರು ಅದರ ಕೊನೆಯಲ್ಲಿ ಮುದುಕರ ಮಾತಿನಂತೆ ನಿಂತು ನಿಂತು ಬರುತ್ತಿತ್ತು. ಬಾಗಿದ ಕಡೆಯಲ್ಲೆಲ್ಲ ಮಡಿಕೆ ಬಿದ್ದು, ಒಂದು ಬೇಸಗೆ ಕಳೆಯುವುದರೊಳಗೆ ಸೀಳಿತು. ಇದರಿಂದ ರೇಗಿ ಎರಡನೆಯ ವರ್ಷ ಒಂದು ಅಂಗುಲದ ದಪ್ಪ ಕೊಳವೆಯನ್ನು ತಂದು ಪಂಪಿಗೇ ನೇರವಾಗಿ ಸಿಕ್ಕಿಸಿದೆವು. ನಿಮಿಷಕ್ಕೆ ಐವತ್ತು ಲೀಟರಿನಂತೆ ನೀರು ಭೋರ್ಗರೆಯಿತು. ದಿನಕ್ಕೊಂದು ಗಂಟೆ ಹಿತ್ತಲೆಲ್ಲ ಹೊಳೆಯಾಯಿತು. ಏಪ್ರಿಲ್ ತಿಂಗಳ ನಡುವಿನಲ್ಲಿ ಒಂದು ಮುಂಜಾನೆ, ಮನೆಯ ಹಿರಿಯರಾದ ಆಯಿಯವರು ಚಹದ ಮೊದಲ ಗುಟುಕನ್ನು ಕುಡಿದು ಲೋಟವನ್ನು ಕೆಳಗಿಟ್ಟರು. "ಪೈಪು ತರುವ ಮುಂಚೆ ಬಾವಿಯನ್ನು ಒಂದು ಮಾತು ಕೇಳಿದ್ದೆಯೇನೋ, ತಮ್ಮಾ?" ಎಂದರು. ನೀರಿಗೆ ಉಪ್ಪು ಹತ್ತಿತ್ತು.

ಉಪ್ಪು ಅಂಕೋಲೆಗೆ ಹೊಸದಲ್ಲ. ೧೯೩೦ರ ಉಪ್ಪಿನ ಸತ್ಯಾಗ್ರಹದಿಂದ ಈ ಊರಿನ ಹೆಸರು ದೇಶಕ್ಕೆಲ್ಲ ತಿಳಿಯಿತು. ಆದರೆ ಮಡಕೆಯಲ್ಲಿ ಕಾಯಿಸಿದ ಉಪ್ಪು ಬೇರೆ, ಬಾವಿಯಲ್ಲಿ ಕಾಣಿಸಿಕೊಂಡ ಉಪ್ಪು ಬೇರೆ. ಅದು ಹೇಗೆ ಬಂತೆಂಬುದನ್ನು ಸ್ವಲ್ಪ ವಿವರಿಸುವುದು ಅವಶ್ಯ; ಏಕೆಂದರೆ ಕರಾವಳಿಯಲ್ಲಿ ಕೊಳವೆಯ ಆಯ್ಕೆಗೆಲ್ಲ ಅದೇ ಬುನಾದಿ.

ಸಮುದ್ರತೀರದ ಮರಳಿನ ನೆಲದೊಳಗೆ ಎರಡು ನೀರುಗಳಿರುವುವು. ಮೇಲೆ ಮಳೆಯಿಂದ ಇಂಗಿದ ಸಿಹಿನೀರು, ಅದರಡಿಯಲ್ಲಿ ಸಮುದ್ರದ ಕಡೆಯಿಂದ ಒಳನುಗ್ಗಿದ ಉಪ್ಪುನೀರು. ಉಪ್ಪುನೀರು ಸಿಹಿನೀರಿಗಿಂತ ನೂರಕ್ಕೆ ಎರಡೂವರೆಯಷ್ಟು ಭಾರವಾದುದರಿಂದ, ಹಾಲಿನ ಮೇಲೆ ಕೆನೆ ತೇಲುವಂತೆ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುವುದು. ೧೯ನೆಯ ಶತಮಾನದ ಕೊನೆಯಲ್ಲಿ ಹಾಲೆಂಡಿನ ಬಾಡನ್ ಘೈಬೆನ್ ಎಂಬಾತನೂ, ೧೯೦೧ರಲ್ಲಿ ಜರ್ಮನಿಯ ಹೆರ್ಟ್ಸ್‌ಬರ್ಗ್ ಎಂಬಾತನೂ ಇದರ ಲೆಕ್ಕವನ್ನು ಬೇರೆ ಬೇರೆಯಾಗಿ ಹಾಕಿ ತೋರಿಸಿದರು. ಸಿಹಿನೀರಿನ ಮಟ್ಟವು ಸಮುದ್ರದ ಮಟ್ಟಕ್ಕಿಂತ ಒಂದು ಅಡಿ ಎತ್ತರವಿದ್ದರೆ, ಅದರ ಕೆಳಗೆ ಸುಮಾರು ನಲವತ್ತು ಅಡಿ ಆಳದವರೆಗೆ ಸಿಹಿನೀರು ನಿಲ್ಲುವುದು. ಕೇಳಲು ಸುಖವಾದ ಮಾತು. ಆದರೆ ಅದನ್ನೇ ತಿರುಗಿಸಿ ಓದಿರಿ: ಬಾವಿಯ ಸುತ್ತಲಿನ ನೀರು ಒಂದು ಅಡಿ ಇಳಿದು ಹಾಗೆಯೇ ನಿಂತರೆ, ಕೆಳಗಿನ ಉಪ್ಪುನೀರು ಕ್ರಮೇಣ ನಲವತ್ತು ಅಡಿ ಮೇಲೇರಬಲ್ಲುದು. ಅದರಲ್ಲಿಯೂ ಒಂದೇ ಕಡೆಯಿಂದ ವೇಗವಾಗಿ ನೀರೆತ್ತಿದರೆ, ಬಾವಿಯ ಅಡಿಯಲ್ಲಿಯೇ ಉಪ್ಪುನೀರು ಗೋಪುರದಂತೆ ಮೇಲೆದ್ದು ಬರುವುದು. ಬೇಸಗೆಯಲ್ಲಿ ಕಾಳೀ ಗಂಗಾವಳೀ ನದಿಗಳ ಹರಿವು ಕುಗ್ಗಿ, ಭರತದ ನೀರು ಅಳಿವೆಯಿಂದ ಒಳಕ್ಕೆ ಏರುವಾಗ ನದೀತೀರದ ಬಾವಿಗಳಿಗೂ ಇದೇ ಅಪಾಯ. ಗುಡ್ಡದ ಬದಿಯ ಚಿರೆಕಲ್ಲಿನ ನೆಲದಲ್ಲಿ ಉಪ್ಪಿನ ಭಯವಿಲ್ಲ. ಅಲ್ಲಿ ಬಾವಿ ಬತ್ತುವ ಭಯ. ಎರಡಕ್ಕೂ ಮದ್ದು ಒಂದೇ, ಮಿತ.

ಆಯಿಯವರ ಪ್ರಶ್ನೆಯ ಅರ್ಥ ನಮಗೆ ಆಗ ಹೊಳೆಯಿತು. ದಿನಕ್ಕೆ ೩೦೦೦ ಲೀಟರನ್ನು ನಾವು ಎತ್ತುತ್ತಿದ್ದೆವು. ಹದಿನೈದು ಲೀಟರಿನ ಕೊಡದ ಲೆಕ್ಕದಲ್ಲಿ ಅದು ೨೦೦ ಕೊಡ. ಅವರ ಕಾಲದಲ್ಲಿ ದಿನವೂ ಇನ್ನೂರು ಕೊಡ ಸೇದುವ ತೋಳು ಯಾವ ಮನೆಯಲ್ಲಿತ್ತು? ಆದುದರಿಂದ ಕೊಳವೆಯ ಆಯ್ಕೆಗೆ ಮೊದಲು ಎರಡು ಲೆಕ್ಕಗಳು ಬೇಕು: ಹಿತ್ತಲು ಎಷ್ಟು ಕೇಳುತ್ತದೆ, ಬಾವಿ ಎಷ್ಟು ಕೊಡುತ್ತದೆ.

ಹಿತ್ತಲ ಲೆಕ್ಕವನ್ನು ನೋಡೋಣ. ಬೆಳೆದ ತೆಂಗಿಗೆ ಬೇಸಗೆಯಲ್ಲಿ ನಾಲ್ಕು ದಿನಕ್ಕೊಮ್ಮೆ ೨೦೦ ಲೀಟರು ಸಾಕೆಂಬುದು ಪಶ್ಚಿಮ ಕರಾವಳಿಯ ತೆಂಗಿನ ಕೃಷಿಯಲ್ಲಿ ರೂಢಿಯಾದ ಪ್ರಮಾಣ. ಐದು ಮರಕ್ಕೆ ದಿನದ ಸರಾಸರಿ ೨೫೦ ಲೀಟರಾಯಿತು. ಬಾಳೆಗೆ ದಿನಕ್ಕೆ ಸುಮಾರು ೧೫ ಲೀಟರಿನಂತೆ ನಾಲ್ಕಕ್ಕೆ ೬೦. ಮೂರು ಮೀಟರು ಉದ್ದಗಲದ ತರಕಾರಿ ಮಡಿಗೆ ಚದರ ಮೀಟರಿಗೆ ಐದು ಲೀಟರಿನಂತೆ ೪೫. ಹೂವಿನ ಗಿಡಗಳಿಗೆಲ್ಲ ಸೇರಿ ೩೦. ಬೆಳೆದ ಮಾವಿಗೆ ಬೇಸಗೆಯ ನೀರು ಬೇಕಿಲ್ಲ. ನೆಟ್ಟು ಎರಡು ಮೂರು ವರ್ಷವಾಗದ ಕಸಿಗಿಡಕ್ಕೆ ಮಾತ್ರ ಬೇಕು. ಒಟ್ಟು ಕೂಡಿದರೆ ದಿನಕ್ಕೆ ೩೮೫ ಲೀಟರು. ನಾನೂರು ಎಂದೇ ಇಟ್ಟುಕೊಳ್ಳಿರಿ. ನಾವು ಚೆಲ್ಲುತ್ತಿದ್ದುದು ಇದರ ಏಳೆಂಟು ಪಟ್ಟು! ಮರಳು ನೆಲವು ಹೆಚ್ಚಿನ ನೀರನ್ನು ಹಿಡಿದಿಡದು. ಬೇರನ್ನು ದಾಟಿ ಕೆಳಗಿಳಿಯುವ ಆ ನೀರು, ಗೊಬ್ಬರದ ಸಾರವನ್ನೂ ಒಡನೆ ಕೊಂಡೊಯ್ಯುವುದು.

ಬಾವಿಯ ಲೆಕ್ಕಕ್ಕೆ ಯಂತ್ರವೇನೂ ಬೇಡ, ಗಂಟು ಹಾಕಿದ ಒಂದು ಹಗ್ಗ ಸಾಕು. ತುದಿಗೆ ಕಲ್ಲು ಕಟ್ಟಿ, ಬೆಳಗ್ಗೆ ನೀರೆತ್ತುವ ಮುನ್ನ ಮಟ್ಟವನ್ನು ಗುರುತು ಮಾಡಿರಿ. ನೀರು ಹಾಯಿಸಿದ ಮೇಲೆ ಇನ್ನೊಮ್ಮೆ, ಮರುದಿನ ಬೆಳಗ್ಗೆ ಮತ್ತೊಮ್ಮೆ. ತೀರಕ್ಕೆ ಹತ್ತಿರದ ಬಾವಿಗಳಲ್ಲಿ ಭರತ ಇಳಿತಗಳಿಗೆ ಅನುಸಾರವಾಗಿ ನೀರು ಸ್ವಲ್ಪ ಏರಿಳಿಯುವುದರಿಂದ, ಒಂದು ವಾರ ನೋಡಿ ನಿರ್ಣಯಿಸುವುದು ಮೇಲು. ಬೇಸಗೆಯಲ್ಲಿ ಮಟ್ಟವು ನಿಧಾನವಾಗಿ ಇಳಿಯುವುದು ಸಹಜ. ಆದರೆ ಎತ್ತಿದ ನೀರು ರಾತ್ರಿ ಕಳೆದರೂ ತುಂಬದೆ, ದಿನದಿನವೂ ಗೇಣು ಗೇಣಾಗಿ ಇಳಿಯುತ್ತ ಹೋದರೆ, ಶಕ್ತಿ ಮೀರಿ ಸೇದುತ್ತಿದ್ದೇವೆಂದು ತಿಳಿಯತಕ್ಕದ್ದು. ತಿಂಗಳಿಗೊಮ್ಮೆ ನೀರಿನ ಪರೀಕ್ಷೆಯನ್ನೂ ಮಾಡಿಸಬಹುದು. ಕುಡಿಯುವ ನೀರಿನಲ್ಲಿ ಕ್ಲೋರೈಡು ಲೀಟರಿಗೆ ೨೫೦ ಮಿಲಿಗ್ರಾಮಿನೊಳಗಿರಬೇಕೆಂಬುದು ಭಾರತೀಯ ಮಾನಕ ಸಂಸ್ಥೆಯು ಹಾಕಿರುವ ಮಿತಿ. ಬೇರೆ ನೀರು ದೊರೆಯದಿದ್ದಲ್ಲಿ ಮಾತ್ರ ೧೦೦೦ದವರೆಗೆ ವಿನಾಯಿತಿಯುಂಟು. ಉಪ್ಪಿಗೆ ತೆಂಗು ಅಷ್ಟಾಗಿ ಅಂಜುವುದಿಲ್ಲ. ಮಾವು, ಹುರುಳಿಕಾಯಿ ಮೊದಲಾದುವು ಸಹಿಸಲಾರವು. ಎಲೆಯಂಚು ಸುಟ್ಟಂತಾಗಿ ದೂರು ಹೇಳುವುವು.

ಈಗ ಕೊಳವೆಗೆ ಬರೋಣ. ಆರಿಸುವಾಗ ಮೊದಲು ನೋಡತಕ್ಕದ್ದು ಒಳ ಅಗಲ. ಅಂಗಡಿಯವರು ಅರ್ಧ, ಮುಕ್ಕಾಲು, ಒಂದು ಅಂಗುಲ ಎನ್ನುವುದು ಒಳಗಿನ ಅಳತೆಯನ್ನು. ಗೋಡೆ ದಪ್ಪವಾದ ಕೊಳವೆ ಹೊರಗಿನಿಂದ ದೊಡ್ಡದಾಗಿ ಕಂಡರೆ ಮೋಸಹೋಗಬಾರದು. ಅರ್ಧಕ್ಕೂ ಮುಕ್ಕಾಲಿಗೂ ಅಂತರ ಕಾಲು ಅಂಗುಲವಷ್ಟೆ ಎಂದು ತೋರಬಹುದು. ನೀರಿನ ದೃಷ್ಟಿಯಲ್ಲಿ ಅದು ಬಹಳ ದೊಡ್ಡ ಅಂತರ. ಹರಿಯುವ ನೀರು ಕೊಳವೆಯ ಗೋಡೆಗೆ ಉಜ್ಜಿ ತನ್ನ ಒತ್ತಡವನ್ನು ಕಳೆದುಕೊಳ್ಳುತ್ತ ಸಾಗುವುದು. ಅಷ್ಟೇ ನೀರನ್ನು ಸಾಗಿಸುವಾಗ, ಈ ನಷ್ಟವು ಅಗಲದ ಐದನೆಯ ಘಾತಕ್ಕೆ ವಿಲೋಮವಾಗಿರುವುದು. ಎಂದರೆ, ಅಗಲವನ್ನು ಒಂದೂವರೆ ಪಟ್ಟು ಮಾಡಿದರೆ ನಷ್ಟವು ಏಳೂವರೆಯಲ್ಲಿ ಒಂದು ಪಾಲಾಗುವುದು. ಎರಡು ಪಟ್ಟು ಮಾಡಿದರೆ ಮೂವತ್ತೆರಡರಲ್ಲಿ ಒಂದು ಪಾಲು.

ನಮ್ಮ ಮನೆಯನ್ನೇ ಉದಾಹರಣೆಯಾಗಿ ತೆಗೆದುಕೊಂಡು ಲೆಕ್ಕ ಹಾಕೋಣ. ಒಂದೇ ಅಂತಸ್ತಿನ ಮನೆ. ಟಾಂಕಿಯ ನೀರು ಕೊಳವೆಯ ಬಾಯಿಗಿಂತ ಐದು ಮೀಟರು ಎತ್ತರದಲ್ಲಿದೆ. ಹತ್ತು ಮೀಟರು ಎತ್ತರದ ನೀರು ಚದರ ಸೆಂಟಿಮೀಟರಿನ ಮೇಲೆ ಒಂದು ಕಿಲೋಗ್ರಾಮಿನಷ್ಟು ಒತ್ತುವುದರಿಂದ, ಇಲ್ಲಿ ಒತ್ತಡ ಕೇವಲ ಅರ್ಧ ಕಿಲೋಗ್ರಾಮು. ಕೊಳವೆ ಮೂವತ್ತು ಮೀಟರು, ಸುಮಾರು ನೂರು ಅಡಿ. ಆಗ ಅರ್ಧ ಅಂಗುಲದ ಕೊಳವೆಯಿಂದ ನಿಮಿಷಕ್ಕೆ ಸುಮಾರು ೯ ಲೀಟರೂ, ಮುಕ್ಕಾಲು ಅಂಗುಲದ್ದರಿಂದ ೨೫ ಲೀಟರೂ, ಒಂದು ಅಂಗುಲದ್ದರಿಂದ ೫೫ ಲೀಟರೂ ಬರುವುವು. ಒಂದು ತೆಂಗಿನ ಪಾತಿಗೆ ೨೦೦ ಲೀಟರು ತುಂಬಲು ಮೊದಲನೆಯದಕ್ಕೆ ಇಪ್ಪತ್ತೆರಡು ನಿಮಿಷ, ಎರಡನೆಯದಕ್ಕೆ ಎಂಟು, ಮೂರನೆಯದಕ್ಕೆ ನಾಲ್ಕಕ್ಕೂ ಕಡಮೆ.

ಹಾಗಾದರೆ ದಪ್ಪನೆಯದೇ ಲೇಸಲ್ಲವೇ? ಅಲ್ಲ. ನೀರು ತುಂಬಿದ ಕೊಳವೆಯನ್ನು ಯಾರು ಎಳೆಯತಕ್ಕವರು ಎಂಬುದನ್ನೂ ಯೋಚಿಸಬೇಕು. ಮೂವತ್ತು ಮೀಟರಿನ ಕೊಳವೆಯೊಳಗೆ, ಅರ್ಧ ಅಂಗುಲದ್ದಾದರೆ ನಾಲ್ಕು ಕಿಲೋಗ್ರಾಮಿಗೆ ಸ್ವಲ್ಪ ಕಡಮೆ, ಮುಕ್ಕಾಲಿನದಾದರೆ ಎಂಟೂವರೆ, ಒಂದು ಅಂಗುಲದ್ದಾದರೆ ಹದಿನೈದು ಕಿಲೋಗ್ರಾಮು ನೀರೇ ಇರುವುದು. ಕೊಳವೆಯ ತೂಕ ಅದರ ಮೇಲೆ. ಕರಾವಳಿಯ ಎಷ್ಟೋ ಮನೆಗಳಲ್ಲಿ ಮಕ್ಕಳು ಬೆಂಗಳೂರು ಮುಂಬಯಿಗಳಲ್ಲಿದ್ದು, ಹಿತ್ತಲಿಗೆ ನೀರು ಬಿಡುವವರು ಅರುವತ್ತು ದಾಟಿದ ತಾಯಂದಿರು. ಮಗನು ಅಭಿಮಾನದಿಂದ ಪೇಟೆಯಲ್ಲಿ ಕೊಂಡು ಕಳುಹಿಸಿದ ದಪ್ಪ ಕೊಳವೆ, ತಾಯಿಯ ಸೊಂಟಕ್ಕೆ ಶಿಕ್ಷೆಯಾಗಬಾರದು. ಹೂವಿನ ಕುಂಡ, ತರಕಾರಿ ಮಡಿಗಳಷ್ಟೇ ಇರುವ ಚಿಕ್ಕ ಅಂಗಳಕ್ಕೆ ಅರ್ಧ ಅಂಗುಲವೇ ಸರಿ. ತೆಂಗು ಬಾಳೆಗಳಿರುವ ಹಿತ್ತಲಿಗೆ ಮುಕ್ಕಾಲು ಅಂಗುಲ ಹಿತ. ಒಂದು ಅಂಗುಲವು ತೋಟಕ್ಕೆ ಹೇಳಿದ್ದು, ಮನೆಗಲ್ಲ. ಒಂದು ಎಚ್ಚರಿಕೆಯನ್ನು ಮಾತ್ರ ಹೇಳಬೇಕು: ಕೊಳವೆ ಮುಕ್ಕಾಲಾಗಿದ್ದು ನಲ್ಲಿಯೂ ಅದರ ಹಿಂದಿನ ಪೈಪೂ ಅರ್ಧವಾದರೆ ಲಾಭ ದೊರೆಯದು. ಟಾಂಕಿಯಿಂದ ಹಿತ್ತಲಿಗೆ ಮುಕ್ಕಾಲು ಅಂಗುಲದ ಪ್ರತ್ಯೇಕ ಪೈಪನ್ನೂ ಅಷ್ಟೇ ಅಗಲದ ನಲ್ಲಿಯನ್ನೂ ಹಾಕಿಸುವುದು ಒಳ್ಳೆಯದು.

ಎರಡನೆಯದು ಉದ್ದ. ಉದ್ದವನ್ನು ಎರಡರಷ್ಟು ಮಾಡಿದರೆ ಹರಿವು ನೂರಕ್ಕೆ ಎಪ್ಪತ್ತಕ್ಕೆ ಇಳಿಯುವುದು. ಆದುದರಿಂದ "ಉಳಿದರೆ ಉಳಿಯಲಿ" ಎಂಬ ನಮ್ಮ ಮೊದಲನೆಯ ನ್ಯಾಯ ಸರಿಯಲ್ಲ. ಬಾವಿಯ ಹಗ್ಗವನ್ನೇ ಹಿಡಿದು, ನಲ್ಲಿಯಿಂದ ಹೊರಟು, ಗಿಡಗಳನ್ನು ಸುತ್ತಿಕೊಂಡು, ಅತ್ಯಂತ ದೂರದ ಬುಡದವರೆಗೆ ನಡೆದು ಅಳೆಯಿರಿ, ಅದಕ್ಕೆ ಒಂದು ಮಾರು ಸೇರಿಸಿರಿ, ಅಷ್ಟೇ ಕೊಳ್ಳಿರಿ. ಹಿತ್ತಲು ಬಹಳ ಉದ್ದವಾಗಿದ್ದರೆ, ಒಂದು ಅಂಗುಲದ ಗಡುಸು ಪೈಪನ್ನು ನೆಲದಲ್ಲಿ ಹೂಳಿ ಹಿತ್ತಲ ನಡುವೆ ಒಂದು ನಲ್ಲಿಯನ್ನಿಟ್ಟು, ಅಲ್ಲಿಂದ ಚಿಕ್ಕ ಕೊಳವೆಯನ್ನು ಸಿಕ್ಕಿಸುವುದು ಎಲ್ಲಕ್ಕಿಂತ ಜಾಣತನ. ಎಳೆಯುವ ಭಾರವೂ ಉಳಿಯಿತು, ಒತ್ತಡವೂ ಉಳಿಯಿತು.

ಮೂರನೆಯದು, ಕೊಳವೆಯನ್ನು ಮಾಡಿರುವ ದ್ರವ್ಯ. ಇದಕ್ಕೊಂದು ಸ್ವಾರಸ್ಯವಾದ ಚರಿತ್ರೆಯುಂಟು. ಬಳುಕುವ ಕೊಳವೆ ಮೊದಲು ಹುಟ್ಟಿದ್ದು ಗಿಡಕ್ಕಾಗಿ ಅಲ್ಲ, ಬೆಂಕಿಗಾಗಿ. ಹಾಲೆಂಡಿನ ಆಮ್‌ಸ್ಟರ್‌ಡಾಮಿನಲ್ಲಿ ೧೬೭೦ರ ದಶಕದ ಆದಿಯಲ್ಲಿ ಯಾನ್ ವಾನ್ ಡರ್ ಹೇಡನ್ ಎಂಬ ಚಿತ್ರಕಾರನು, ಮನೆಗಳಿಗೆ ಬಿದ್ದ ಬೆಂಕಿಯನ್ನು ಆರಿಸಲು ತೊಗಲನ್ನು ಹೊಲಿದು ಕೊಳವೆ ಮಾಡಿದನು. ೧೮೩೯ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ರಬ್ಬರನ್ನು ಗಂಧಕದೊಡನೆ ಕಾಯಿಸಿ ಗಟ್ಟಿಮಾಡುವ ಬಗೆಯನ್ನು ಕಂಡುಕೊಂಡ ಮೇಲೆ ತೊಗಲಿನ ಕಾಲ ಮುಗಿಯುತ್ತ ಬಂತು. ೧೮೭೦ರಲ್ಲಿ ಅಕ್ರನ್ ಪಟ್ಟಣದಲ್ಲಿ ಆರಂಭವಾದ ಗುಡ್‌ರಿಚ್ ಕಾರ್ಖಾನೆಯು ಮೊದಲು ಮಾಡಿದ ಸರಕುಗಳಲ್ಲಿ ಬೆಂಕಿ ಆರಿಸುವ ರಬ್ಬರು ಕೊಳವೆಯೂ ಒಂದು. ಅದೇ ಕಾರ್ಖಾನೆಯ ವಾಲ್ಡೋ ಸೆಮನ್ ಎಂಬ ರಸಾಯನಶಾಸ್ತ್ರಜ್ಞನು ೧೯೨೬ರಲ್ಲಿ, ಗಡುಸಾಗಿ ನಿರುಪಯೋಗಿಯೆನಿಸಿದ್ದ ಪಿ.ವಿ.ಸಿ. ಎಂಬ ದ್ರವ್ಯಕ್ಕೆ ಮೃದುಗೊಳಿಸುವ ಎಣ್ಣೆಯಂತಹ ಪದಾರ್ಥವನ್ನು ಬೆರೆಸಿ ರಬ್ಬರಿನಂತೆ ಬಳುಕಿಸಿದನು. ಇಂದು ನಾವು ಕೊಳ್ಳುವ ಕೊಳವೆಗಳಲ್ಲಿ ಬಹುಪಾಲು ಇದರ ಸಂತತಿಯೇ.

ಈ ಕಥೆಯಲ್ಲಿಯೇ ಕೊಳವೆಯ ರೋಗದ ಮೂಲವೂ ಇದೆ. ಬಿಸಿಲಿಗೆ ಬಿದ್ದ ಪಿ.ವಿ.ಸಿ. ಕೊಳವೆಯಿಂದ ಆ ಮೃದುಕಾರಿ ಪದಾರ್ಥವು ಮೆಲ್ಲಮೆಲ್ಲನೆ ಹೊರಟುಹೋಗುವುದು. ಕೊಳವೆ ಗಡುಸಾಗಿ, ಸೀಳುವುದು. ಕರಾವಳಿಯ ಬೇಸಗೆಯ ಬಿಸಿಲಿನಲ್ಲಿ ಒಂದೇ ಪದರದ ಅಗ್ಗದ ಕೊಳವೆ ಹೆಚ್ಚು ಕಾಲ ನಿಲ್ಲದು. ಎರಡು ಪದರದ ನಡುವೆ ನೂಲಿನ ಬಲೆಯನ್ನು ಹೆಣೆದ ಕೊಳವೆ ಅದಕ್ಕಿಂತ ಮೇಲು. ನೂಲು ಒತ್ತಡವನ್ನು ತಡೆಯುವುದು, ಮಡಿಕೆಯೂ ಬೇಗ ಬೀಳದು. ರಬ್ಬರಿನ ಕೊಳವೆ ಬಿಸಿಲಿಗೂ ಬಾಗಿಗೂ ಎಲ್ಲಕ್ಕಿಂತ ಗಟ್ಟಿ, ಆದರೆ ಭಾರವೂ ಬೆಲೆಯೂ ಹೆಚ್ಚು. ಮನೆಯ ಹಿತ್ತಲಿಗೆ ನೂಲು ಹೆಣೆದ ಕೊಳವೆಯೇ ಮಧ್ಯಮ ಮಾರ್ಗ. ಇನ್ನು ಬಣ್ಣ: ಬೆಳಕು ತೂರುವ ಬಿಳಿಯ ಕೊಳವೆಯೊಳಗೆ ಪಾಚಿ ಕಟ್ಟುವುದು; ಬೆಳಕು ತೂರದ ಗಾಢ ಬಣ್ಣವೇ ಯೋಗ್ಯ. ಆದರೆ ಕಪ್ಪು ಕೊಳವೆ ಬಿಸಿಲಲ್ಲಿ ಬಿದ್ದಿದ್ದರೆ ಅದರೊಳಗಿನ ನೀರು ಕೈಸುಡುವಷ್ಟು ಕಾಯುವುದರಿಂದ, ಮೊದಲು ಬರುವ ಬಿಸಿನೀರನ್ನು ಸಸಿಗಳಿಗೆ ಬಿಡದೆ ಅಂಗಳಕ್ಕೆ ಚಿಮುಕಿಸುವುದು ಕ್ಷೇಮ.

ಅಂಗಡಿಯಲ್ಲಿ ಪರೀಕ್ಷಿಸುವ ಬಗೆ ಸುಲಭ. ಕತ್ತರಿಸಿದ ತುದಿಯನ್ನು ನೋಡಿರಿ. ಗೋಡೆ ಸುತ್ತಲೂ ಒಂದೇ ದಪ್ಪವಿರಬೇಕು, ನೂಲು ನಡುವೆ ಕಾಣಬೇಕು. ಒಂದು ಮೊಳದಷ್ಟನ್ನು ಹಿಡಿದು ಬಳೆಯಂತೆ ಬಾಗಿಸಿರಿ. ಬೇಗನೆ ಮುರಿದು ಮಡಿಕೆ ಬಿದ್ದರೆ ಬಿಡಿರಿ. ಎರಡು ಕೊಳವೆಗಳ ಸಮಾನ ಉದ್ದವನ್ನು ತೂಗಿಸಿರಿ. ಒಂದೇ ದ್ರವ್ಯದ್ದಾದರೆ ಭಾರವಾದುದರ ಗೋಡೆಯೇ ದಪ್ಪ. ಮೂಗಿಗೆ ಕಟುವಾದ ವಾಸನೆ ಬಡಿದರೆ, ಹಳೆಯ ಸರಕನ್ನು ಕರಗಿಸಿ ಮಾಡಿದ್ದಿರಬಹುದೆಂದು ಸಂಶಯಪಡಿರಿ. ಒಳ್ಳೆಯ ಕೊಳವೆಯಾದರೂ, ಕುಡಿಯುವ ನೀರಿಗೆಂದು ಮಾಡಿದ್ದೆಂದು ಅದರ ಮೇಲೆ ಬರೆದಿಲ್ಲವಾದರೆ, ಅದರ ಬಾಯಿಗೆ ಮಕ್ಕಳು ಬಾಯಿ ಹಚ್ಚದಂತೆ ನೋಡಿಕೊಳ್ಳತಕ್ಕದ್ದು. ಪಂಪಿನ ಹೀರುವ ಬದಿಗೆ ಈ ಮೆತ್ತನೆಯ ಕೊಳವೆಗಳನ್ನು ಎಂದಿಗೂ ಹಾಕಬಾರದು. ಒಳಗಿನ ನಿರ್ವಾತಕ್ಕೆ ಅವು ಚಪ್ಪಟೆಯಾಗುವುವು. ಅಲ್ಲಿಗೆ ಸುರುಳಿ ಬಳೆಗಳುಳ್ಳ ಗಟ್ಟಿ ಕೊಳವೆಯೇ ಬೇಕು.

ನಾಲ್ಕನೆಯದು ಕೂಡುಭಾಗಗಳು. ಬಯಲುಸೀಮೆಯಲ್ಲಿ ಹತ್ತು ವರ್ಷ ಬಾಳುವ ಕಬ್ಬಿಣದ ಕ್ಲಿಪ್ಪು ಕಾರವಾರದ ಉಪ್ಪುಗಾಳಿಗೆ ಬೇಗನೆ ತುಕ್ಕು ಹಿಡಿದು ಉದುರುವುದು. ಹಿತ್ತಾಳೆಯ ಮೂತಿಯನ್ನೂ ತುಕ್ಕುಹಿಡಿಯದ ಉಕ್ಕಿನ ಕ್ಲಿಪ್ಪನ್ನೂ ಉಪಯೋಗಿಸುವುದು ಮೇಲು. ಹಿತ್ತಾಳೆಗೆ ಅಲ್ಯೂಮಿನಿಯಮನ್ನು ಜೋಡಿಸಕೂಡದು. ಉಪ್ಪಿನ ತೇವದಲ್ಲಿ ಈ ಎರಡು ಲೋಹಗಳು ಕೂಡಿದರೆ ಅಲ್ಯೂಮಿನಿಯಂ ಸವೆದು, ಎರಡೂ ಬಿಡಿಸಲಾಗದಂತೆ ಕಚ್ಚಿಕೊಳ್ಳುವುವು. ತೊಟ್ಟಿಕ್ಕುವ ಒಂದು ಕೀಲು ಅಲ್ಪವೆಂದು ತೋರುವುದು. ನಿಮಿಷಕ್ಕೆ ಒಂದು ಲೋಟ ಹೋದರೂ ರಾತ್ರಿ ಕಳೆಯುವುದರೊಳಗೆ ನೂರು ಲೀಟರಾಯಿತು, ಎಂದರೆ ಅರ್ಧ ತೆಂಗಿನ ಪಾಲು.

ಕೊನೆಯದಾಗಿ ಕೊಳವೆಯ ಬಾಯಿ. ತೆಂಗಿನ ಪಾತಿಗೆ ತೆರೆದ ಬಾಯೇ ಸಾಕು. ಬೀಜ ಮೊಳೆತ ಮಡಿಗೆ ಮಳೆಹನಿಯಂತೆ ಉದುರಿಸುವ ಜಾಲರಿ ಬೇಕು. ಧಾರೆಯ ಹೊಡೆತಕ್ಕೆ ಎಳೆಯ ಬೇರು ಬರಿದಾಗಿ ಸಸಿ ಒರಗುವುದು. ಅಂಕೋಲೆ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡ ಎಂಬ ಹಾಲಕ್ಕಿ ಮಹಿಳೆ, ಅರಣ್ಯ ಇಲಾಖೆಯ ಸಸ್ಯಕ್ಷೇತ್ರದಲ್ಲಿ ದಶಕಗಳ ಕಾಲ ಸಸಿಗಳನ್ನು ಸಾಕಿ, ೨೦೨೦ರ ಪದ್ಮಶ್ರೀ ಪ್ರಶಸ್ತಿಗೆ ಪಾತ್ರರಾಗಿ, ೨೦೨೪ರ ಡಿಸೆಂಬರಿನಲ್ಲಿ ತೀರಿಕೊಂಡರು. ಶಾಲೆಯ ಮುಖ ಕಾಣದ ಅವರ ಬದುಕು, ಗಿಡವನ್ನು ಬದುಕಿಸುವುದು ಉಪಕರಣಕ್ಕಿಂತ ಮೊದಲು ಕೈಯ ಹದ ಎಂಬುದನ್ನು ನೆನಪಿಸುತ್ತದೆ. ಬಾಯಿಗೆ ಮುಚ್ಚುವ ಕೀಲಿದ್ದರೆ ಗಿಡದಿಂದ ಗಿಡಕ್ಕೆ ಹೋಗುವಾಗ ನೀರು ಚೆಲ್ಲದು. ಆದರೆ ಪಂಪಿಗೆ ನೇರವಾಗಿ ಕೂಡಿಸಿದ ಕೊಳವೆಯ ಬಾಯಿಯನ್ನು ಮುಚ್ಚಿದರೆ ಒತ್ತಡವು ಏರಿ ಕೀಲು ಕಳಚುವುದು, ಪಂಪೂ ಕಾಯುವುದು. ಟಾಂಕಿಯ ಮೂಲಕ ನೀರು ಬಿಡುವುದಕ್ಕೆ ಇದೂ ಒಂದು ಕಾರಣ. ಔಷಧಿ ಕಲಸಿದ ಬಕೀಟಿನಲ್ಲಿ ಕೊಳವೆಯ ತುದಿಯನ್ನು ಮುಳುಗಿಸಿಡಕೂಡದು. ನಲ್ಲಿಯ ಕಡೆ ಒತ್ತಡ ಇಳಿದರೆ ಬಕೀಟಿನ ವಿಷವು ಹಿಂದಕ್ಕೆ ಹೀರಿಕೊಂಡು ಮನೆಯ ನೀರಿಗೇ ಸೇರಬಹುದು.

ಕೆಲಸ ಮುಗಿದ ಮೇಲೆ ಕೊಳವೆಯೊಳಗಿನ ನೀರನ್ನು ಬಸಿದು, ನೆರಳಿನಲ್ಲಿ ಅಗಲವಾದ ಸುತ್ತಾಗಿ ತೂಗುಹಾಕಿರಿ. ಉಳಿದ ನೀರಿನಲ್ಲಿ ಸೊಳ್ಳೆ ಮೊಟ್ಟೆಯಿಡುವುದು. ಜೂನಿನ ಮೊದಲ ಮಳೆಗೆ ಮುನ್ನ ಒಳಗೆ, ಇಲಿಯ ಹಲ್ಲಿಗೆ ಎಟುಕದ ಕಡೆ ಇಡಬೇಕು. ನೆಲದಲ್ಲಿ ಬಿಟ್ಟರೆ ಮುಸ್ಸಂಜೆಯಲ್ಲಿ ನಮ್ಮ ವೇದಾಂತಿಗಳ ರಜ್ಜುಸರ್ಪನ್ಯಾಯಕ್ಕೆ ಒಂದು ಹೊಸ ದೃಷ್ಟಾಂತ ಒದಗುವುದು. ಹಿತ್ತಲಲ್ಲಿ ಕೊಳವೆಯನ್ನು ಹಾವೆಂದು ತಿಳಿಯುವುದರಿಂದ ಕೇಡಿಲ್ಲ. ಹಾವನ್ನು ಕೊಳವೆಯೆಂದು ತಿಳಿಯುವುದು ಕಷ್ಟ!

ನಮ್ಮ ಮೂರನೆಯ ಕೊಳವೆ ಮುಕ್ಕಾಲು ಅಂಗುಲದ್ದು, ನೂಲು ಹೆಣೆದದ್ದು, ಇಪ್ಪತ್ತು ಮೀಟರಿನದು, ಟಾಂಕಿಯ ನಲ್ಲಿಗೆ ಕೂಡಿಸಿದ್ದು. ಅದರ ಮೂಲಕ ನಿಮಿಷಕ್ಕೆ ಮೂವತ್ತು ಲೀಟರಿನಂತೆ ನಮ್ಮ ನಾನೂರು ಲೀಟರನ್ನು ಒಂದು ಕಾಲು ಗಂಟೆಯೊಳಗೆ ಕೊಡುತ್ತೇವೆ. ಟಾಂಕಿಯನ್ನು ಬೆಳಗ್ಗೆ ಸ್ವಲ್ಪ, ಸಂಜೆ ಸ್ವಲ್ಪ ತುಂಬಿಸಿಕೊಳ್ಳುತ್ತೇವೆ. ತೆಂಗಿನ ಬುಡಕ್ಕೆ ದರಕನ್ನೂ ಸಿಪ್ಪೆಯನ್ನೂ ಹೊದಿಸಿದ್ದೇವೆ. ಮರುವರ್ಷದ ಮಳೆಗಾಲ ಕಳೆದ ಮೇಲೆ ಬಾವಿಯ ಉಪ್ಪು ತೊಲಗಿತು. ಆ ಬಳಿಕ ಬೇಸಗೆಯಲ್ಲಿ ಹಗ್ಗದ ಗಂಟನ್ನು ನೋಡುವ ಕೆಲಸವನ್ನು ಆಯಿಯವರು ತಾವೇ ವಹಿಸಿಕೊಂಡಿದ್ದಾರೆ. ಗಂಟು ಕೆಳಗಿಳಿದ ದಿನ ಅವರು ಏನನ್ನೂ ಹೇಳುವುದಿಲ್ಲ. ಕೊಳವೆಯನ್ನು ಸುತ್ತಿ ಗೂಟಕ್ಕೆ ಹಾಕುತ್ತಾರೆ. ದಾಸವಾಳವು ಒಂದು ದಿನ ಕಾಯಬಲ್ಲುದು, ಬಾವಿ ಕಾಯಲಾರದು. ಕೊಳವೆಯನ್ನು ಕೊಳ್ಳಲು ಹೊರಟವರು ಅಂಗಡಿಗೆ ಹೋಗುವ ಮೊದಲು ಬಾವಿಕಟ್ಟೆಯ ಬಳಿ ಒಂದು ಗಳಿಗೆ ನಿಲ್ಲಬೇಕೆಂದು ನಮ್ಮ ವಿಜ್ಞಾಪನೆ.